ಬಿಸಿನೀರಿನ ಕೊಳವೆಯಲ್ಲಿ ತುಕ್ಕು: ಮನೆ ಕಾಯಿಸುವ ವ್ಯವಸ್ಥೆಯ ಇನ್ನೂರು ವರ್ಷ

ಚಳಿಗಾಲವಿಡೀ ಮನೆಯನ್ನು ಬೆಚ್ಚಗಿಡಲೇಬೇಕಾದ ಉತ್ತರ ಯುರೋಪಿನ ದೇಶಗಳಲ್ಲಿ ಆ ಕೆಲಸವನ್ನು ಕೋಣೆಕೋಣೆಯ ಅಗ್ಗಿಷ್ಟಿಕೆಯಿಂದ ಬಿಡಿಸಿ ಕೊಳವೆಯೊಳಗಿನ ಬಿಸಿನೀರಿಗೆ ವಹಿಸಿದ್ದು ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳು. ಈ ವ್ಯವಸ್ಥೆಯ ತತ್ತ್ವ ಸರಳವಾದುದು: ನೆಲಮಾಳಿಗೆಯಲ್ಲೋ ಅಡುಗೆಮನೆಯಲ್ಲೋ ಇರುವ ಬಾಯ್ಲರ್ ಎಂಬ ಮುಚ್ಚಿದ ಪಾತ್ರೆಯಲ್ಲಿ ಕಾದ ನೀರು ಕೊಳವೆಗಳ ಮೂಲಕ ಕೋಣೆಗಳಿಗೆ ಹರಿದು, ಗೋಡೆಗೆ ಆನಿಸಿಟ್ಟ ರೇಡಿಯೇಟರ್ ಎಂಬ ಟೊಳ್ಳು ಲೋಹದ ಫಲಕಗಳಲ್ಲಿ ತನ್ನ ಬಿಸಿಯನ್ನು ಬಿಟ್ಟುಕೊಟ್ಟು, ತಣಿದು, ಮತ್ತೆ ಬಾಯ್ಲರಿಗೆ ಮರಳುತ್ತದೆ. ಕುಡಿಯಲು, ಮೀಯಲು ಬಳಸುವ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಒಮ್ಮೆ ತುಂಬಿದ ನೀರೇ ವರ್ಷಗಟ್ಟಲೆ ಸುತ್ತುತ್ತಿರಬೇಕೆಂಬುದು ಇಲ್ಲಿಯ ನಿಯಮ. ಆದರೆ ಈ ವ್ಯವಸ್ಥೆ ಹುಟ್ಟಿದ ದಿನದಿಂದಲೂ ಎರಡು ದೂರುಗಳು ಅದರ ಬೆನ್ನು ಬಿಟ್ಟಿಲ್ಲ. ರೇಡಿಯೇಟರಿನ ತಿರುಪನ್ನು ಸಡಿಲಿಸಿದರೆ ಕೆಂಪಗೋ ಕಪ್ಪಗೋ ನೀರು ಬರುತ್ತದೆ ಎಂಬುದು ಒಂದು. ಕೊಳವೆಯ ಕೂಡುಗಳಲ್ಲಿ ನೀರು ಜಿನುಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಲೋಹದ ದೋಷವೆಂದೂ ಎರಡನೆಯದನ್ನು ಕೆಲಸಗಾರನ ದೋಷವೆಂದೂ ಬಹುಕಾಲ ಬೇರೆ ಬೇರೆಯಾಗಿಯೇ ಎಣಿಸಲಾಯಿತು. ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂಬುದು, ಎಂದರೆ ಸೋರಿಹೋದ ನೀರಿನ ಜಾಗಕ್ಕೆ ಬರುವ ಹೊಸ ನೀರೇ ತುಕ್ಕನ್ನು ತರುತ್ತದೆ, ಆ ತುಕ್ಕೇ ಮುಂದಿನ ಸೋರಿಕೆಯನ್ನು ಹುಟ್ಟಿಸುತ್ತದೆ ಎಂಬುದು, ನೂರು ವರ್ಷಗಳ ಬಳಕೆಯ ಬಳಿಕವೇ ಸ್ಪಷ್ಟವಾದ ಸಂಗತಿ.

ಬಿಸಿನೀರಿನ ಕೊಳವೆ ಮೊದಲು ಬೆಚ್ಚಗಿಟ್ಟದ್ದು ಮನುಷ್ಯರನ್ನಲ್ಲ. ಸ್ವೀಡನ್ನಿನ ಮಾರ್ಟೆನ್ ಟ್ರೀವಾಲ್ಡ್ 1716ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಗಿಡಗಳ ಮನೆಯೊಂದನ್ನು ಬಿಸಿನೀರಿನಿಂದ ಕಾಯಿಸಿದನು. ಫ್ರಾನ್ಸಿನ ಬೊನ್‌ಮೆಯ್ನ್ 1777ರಲ್ಲಿ ಅದೇ ತತ್ತ್ವವನ್ನು ಕೋಳಿಮೊಟ್ಟೆಗಳಿಗೆ ಕಾವು ಕೊಡಲು ಬಳಸಿದ್ದಲ್ಲದೆ, ಶಾಖ ಹೆಚ್ಚಿದರೆ ಒಲೆಯ ಗಾಳಿಯನ್ನು ತಾನಾಗಿಯೇ ತಗ್ಗಿಸುವ ನಿಯಂತ್ರಕವೊಂದನ್ನೂ ರೂಪಿಸಿದನು. ಫ್ರೆಂಚ್ ಕ್ರಾಂತಿಯ ಬಳಿಕ ಲಂಡನ್ನಿನಲ್ಲಿ ನೆಲೆಸಿದ ಮಾರ್ಕ್ವಿಸ್ ದ ಶಬಾನ್ 1810ರ ದಶಕದಲ್ಲಿ ಈ ವಿಧಾನವನ್ನು ಇಂಗ್ಲೆಂಡಿಗೆ ತಂದನೆಂದು ಹೇಳುವುದು ವಾಡಿಕೆ. ಅಲ್ಲಿ ಅದನ್ನು ಮೊದಲು ಕೈಗೆತ್ತಿಕೊಂಡವರು ಮನೆಯೊಡೆಯರಲ್ಲ, ಅನಾನಸ್, ದ್ರಾಕ್ಷಿ ಮತ್ತು ಉಷ್ಣವಲಯದ ತಾಳೆಗಳನ್ನು ಗಾಜಿನ ಮನೆಗಳಲ್ಲಿ ಬೆಳೆಸುತ್ತಿದ್ದ ಶ್ರೀಮಂತರ ತೋಟಗಾರರು. 1820ರ ದಶಕದ ಮೊದಲಲ್ಲಿ ಆಂಥನಿ ಬೇಕನ್ ಮತ್ತು ವಿಲಿಯಂ ಅಟ್ಕಿನ್ಸನ್ ಗಿಡಮನೆಗಳಲ್ಲಿ ನಡೆಸಿದ ಪ್ರಯೋಗಗಳ ನಂತರ ಈ ಪದ್ಧತಿ ವೇಗವಾಗಿ ಹಬ್ಬಿತು.

ಗಿಡಮನೆಯ ಕೊಳವೆ ಬೀಡುಕಬ್ಬಿಣದ್ದು, ಎಂದರೆ ಕರಗಿಸಿ ಅಚ್ಚಿಗೆ ಎರೆದ ಕಬ್ಬಿಣದ್ದು. ಅದರ ಒಳವ್ಯಾಸ ಸಾಮಾನ್ಯವಾಗಿ 4 ಅಂಗುಲ. ಇಷ್ಟು ಅಗಲ ಬೇಕಾದದ್ದಕ್ಕೆ ಕಾರಣವಿತ್ತು. ನೀರನ್ನು ತಳ್ಳುವ ಪಂಪು ಆಗ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ ಎಂಬ ಸಣ್ಣ ತೂಕದ ವ್ಯತ್ಯಾಸವೊಂದೇ ಸುತ್ತಾಟದ ಶಕ್ತಿಯಾಗಿದ್ದರಿಂದ, ದಾರಿ ಕಿರಿದಾದರೆ ನೀರು ನಿಂತುಬಿಡುತ್ತಿತ್ತು. ಡರ್ಬಿಷೈರಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ 1836ರಲ್ಲಿ ಆರಂಭಿಸಿ 1840ರ ಸುಮಾರಿಗೆ ಮುಗಿಸಿದ ಮಹಾ ಗಾಜಿನ ಮನೆಯ ಕೆಳಗೆ ಎಂಟು ಬಾಯ್ಲರುಗಳೂ ಸುಮಾರು ಏಳು ಮೈಲಿ ಉದ್ದದ ಕೊಳವೆಯೂ ಇದ್ದವು. ಕಲ್ಲಿದ್ದಲು ನೆಲದಡಿಯ ಸುರಂಗದ ಹಳಿಗಳ ಮೇಲೆ ಬರುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳು ಸತ್ತು, 1920ರಲ್ಲಿ ಆ ಕಟ್ಟಡವನ್ನೇ ಕೆಡವಬೇಕಾಯಿತು. ಇದೇ ಕಬ್ಬಿಣ ಮತ್ತು ಗಾಜಿನ ಪರಂಪರೆಯ ಒಂದು ಕೊಂಬೆ ಬೆಂಗಳೂರಿನವರೆಗೂ ಬಂದಿದೆ: 1889ರಲ್ಲಿ ಶಂಕುಸ್ಥಾಪನೆಯಾದ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣ ಗ್ಲಾಸ್ಗೋದ ಸ್ಯಾರಸೆನ್ ಎರಕಶಾಲೆಯಲ್ಲಿ ತಯಾರಾದುದು. ಬ್ರಿಟನ್ನಿನ ಗಾಜಿನ ಮನೆಗಳು ಯಾವ ಸೆಕೆಗಾಗಿ ಏಳು ಮೈಲಿ ಕೊಳವೆ ಹಾಸುತ್ತಿದ್ದವೋ ಅದು ಇಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು.

ಏಳು ಮೈಲಿ ಕೊಳವೆಯೆಂದರೆ ಸಾವಿರಾರು ಕೂಡುಗಳು. ಆ ಕೂಡುಗಳನ್ನು ಮುಚ್ಚಿದ ರೀತಿಯೇ ಈ ಇತಿಹಾಸದ ಅತ್ಯಂತ ಕುತೂಹಲಕರ ಅಧ್ಯಾಯ. ಬೀಡಿನ ಪ್ರತಿಯೊಂದು ಕೊಳವೆಯ ಒಂದು ತುದಿ ಬಟ್ಟಲಿನಂತೆ ಅಗಲವಾಗಿದ್ದು, ಮುಂದಿನ ಕೊಳವೆಯ ನೇರ ತುದಿ ಅದರೊಳಗೆ ಕೂರುತ್ತಿತ್ತು. ನಡುವೆ ಉಳಿದ ಉಂಗುರದಂಥ ಸಂದಿಗೆ ಮೊದಲು ಸೆಣಬಿನ ಹುರಿಯನ್ನು ಬಿಗಿದು, ಆಮೇಲೆ ಕಬ್ಬಿಣದ ಗಾರೆಯೆಂದು ಕರೆಯಬಹುದಾದ ಮಿಶ್ರಣವನ್ನು ಉಳಿಯಿಂದ ಜಡಿಯಲಾಗುತ್ತಿತ್ತು. ನೂರರಷ್ಟು ಭಾಗ ಕಬ್ಬಿಣದ ಅರಪುಡಿ, ಅದಕ್ಕೆ ಒಂದೆರಡು ಭಾಗ ನವಸಾಗರ, ಸುಮಾರು ಅಷ್ಟೇ ಗಂಧಕ, ಕಲಸಲು ನೀರು: ಇದು ಸ್ಥೂಲವಾಗಿ ಅದರ ಪಾಕ. ನವಸಾಗರವೆಂದರೆ ನಮ್ಮಲ್ಲಿ ಕಲಾಯಿ ಹಾಕುವವರು ತಾಮ್ರದ ಪಾತ್ರೆಯ ಮೇಲೆ ಎರಚುವ ಅದೇ ಬಿಳಿಯ ಲವಣ, ರಾಸಾಯನಿಕ ಹೆಸರಿನಲ್ಲಿ ಅಮೋನಿಯಂ ಕ್ಲೋರೈಡ್. ಕಲಾಯಿಯಲ್ಲಿ ಅದು ಲೋಹದ ಮೇಲಿನ ಕಿಲುಬನ್ನು ತೆಗೆಯುತ್ತದೆ. ಇಲ್ಲಿ ಅದರ ಕೆಲಸ ತದ್ವಿರುದ್ಧವಾಗಿ ಕಬ್ಬಿಣದ ಪುಡಿ ಬೇಗ ತುಕ್ಕು ಹಿಡಿಯುವಂತೆ ಮಾಡುವುದು. ತುಕ್ಕು ಹಿಡಿದ ಕಬ್ಬಿಣ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಸಂದಿಯೊಳಗೆ ಜಡಿದ ಪುಡಿ ಉಬ್ಬಿ, ಗಟ್ಟಿಯಾಗಿ, ಎರಡು ಕೊಳವೆಗಳನ್ನೂ ಒಂದೇ ಲೋಹದ ತುಂಡಿನಂತೆ ಬೆಸೆಯುತ್ತಿತ್ತು. ನವಸಾಗರದ ಪ್ರಮಾಣ ಹೆಚ್ಚಿಸಿದರೆ ಗಾರೆ ಬೇಗ ಕಚ್ಚುತ್ತದೆ, ತಗ್ಗಿಸಿದರೆ ನಿಧಾನವಾಗಿ ಕಚ್ಚಿದರೂ ಹೆಚ್ಚು ಗಟ್ಟಿಯಾಗುತ್ತದೆ ಎಂಬುದು ಕೆಲಸಗಾರರ ಅನುಭವದ ಮಾತು. ಅತಿಯಾಗಿ ಜಡಿದರೆ ಉಬ್ಬುವ ಗಾರೆ ಬೀಡಿನ ಬಟ್ಟಲನ್ನೇ ಸೀಳುವ ಅಪಾಯವಿತ್ತು. ಕೂಡನ್ನು ಮತ್ತೆ ಬಿಚ್ಚುವುದಂತೂ ಸಾಧ್ಯವೇ ಇರಲಿಲ್ಲ. ಕೊಳವೆಯನ್ನು ಒಡೆಯುವುದೊಂದೇ ದಾರಿ.

ತುಕ್ಕನ್ನು ಸೋರಿಕೆಗೆ ಮದ್ದಾಗಿ ಬಳಸಿದ ಈ ಜನರಿಗೆ ತುಕ್ಕಿನ ರಸಾಯನಶಾಸ್ತ್ರ ತಿಳಿದಿರಲಿಲ್ಲ, ಆದರೆ ಅದರ ನಡವಳಿಕೆ ಚೆನ್ನಾಗಿಯೇ ಗೊತ್ತಿತ್ತು. ಹೊಸದಾಗಿ ಹಾಕಿದ ಕೊಳವೆಯಲ್ಲಿ ಅಲ್ಲಲ್ಲಿ ನೀರು ಬೆವರಿದಂತೆ ಒಸರಿದರೆ ಅನುಭವಸ್ಥರು ಗಾಬರಿಯಾಗದೆ ಕೆಲವು ದಿನ ಕಾಯುತ್ತಿದ್ದರು, ಏಕೆಂದರೆ ಸಣ್ಣ ಒಸರು ತನ್ನ ತುಕ್ಕಿನಿಂದ ತಾನೇ ಮುಚ್ಚಿಕೊಳ್ಳುತ್ತಿತ್ತು. ಹಬೆಯಂತ್ರದ ಬಾಯ್ಲರುಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಇದಕ್ಕಿಂತ ಒರಟಾದ ಉಪಾಯಗಳೂ ಚಾಲ್ತಿಯಲ್ಲಿದ್ದವು: ತವುಡು, ಓಟ್ಸ್ ಹಿಟ್ಟು, ಆಲೂಗಡ್ಡೆ, ಕೊನೆಗೆ ಕುದುರೆ ಲದ್ದಿಯನ್ನೂ ನೀರಿಗೆ ಹಾಕಿ, ಅದರ ನಾರು ಬಿರುಕಿಗೆ ಸಿಕ್ಕಿಕೊಂಡು ಸೋರಿಕೆ ನಿಲ್ಲಲೆಂದು ನಿರೀಕ್ಷಿಸಲಾಗುತ್ತಿತ್ತು. ಇಂದು ಡಬ್ಬಿಗಳಲ್ಲಿ ಮಾರಾಟವಾಗುವ ಸೋರಿಕೆ ತಡೆಯುವ ದ್ರವಗಳು ಈ ಲದ್ದಿಯ ಸಭ್ಯ ವಂಶಸ್ಥರೆಂದರೆ ತಪ್ಪಾಗದು. ಅವು ಬಿರುಕನ್ನು ಮುಚ್ಚುವುದು ನಿಜ, ಆದರೆ ಬಿರುಕು ಯಾವುದು, ಬಾಯ್ಲರಿನ ಇಕ್ಕಟ್ಟಾದ ನೀರಿನ ದಾರಿ ಯಾವುದು ಎಂಬ ವಿವೇಚನೆ ಅವುಗಳಿಗೆ ಇಲ್ಲ.

ಗಿಡಮನೆಯ ಈ ವ್ಯವಸ್ಥೆಗಳಲ್ಲಿ ಇನ್ನೊಂದು ದೌರ್ಬಲ್ಯವಿತ್ತು, ಅದನ್ನು ಆಗ ಯಾರೂ ದೌರ್ಬಲ್ಯವೆಂದು ಎಣಿಸಿರಲಿಲ್ಲ. ನೀರು 4 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಕಾದಾಗ ಅದರ ಗಾತ್ರ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚಾಗಿ ಹಿಗ್ಗುತ್ತದೆ. ಆ ಹೆಚ್ಚುವರಿ ನೀರಿಗೆ ಜಾಗ ಕೊಡದಿದ್ದರೆ ಬೀಡು ಒಡೆಯುತ್ತದೆ. ಆದ್ದರಿಂದ ವ್ಯವಸ್ಥೆಯ ಅತ್ಯಂತ ಎತ್ತರದ ಬಿಂದುವಿನಲ್ಲಿ ಒಂದು ತೊಟ್ಟಿಯನ್ನಿಟ್ಟು, ಕಾದಾಗ ನೀರು ಅದಕ್ಕೇರಿ ತಣಿದಾಗ ಕೆಳಗಿಳಿಯುವಂತೆ ಮಾಡಲಾಗುತ್ತಿತ್ತು. ದೌರ್ಬಲ್ಯ ಇದ್ದದ್ದು ಇಲ್ಲಿ: ತೊಟ್ಟಿಯ ಬಾಯಿ ಗಾಳಿಗೆ ತೆರೆದಿತ್ತು. ಆವಿಯಾದ ಮತ್ತು ಸೋರಿದ ನೀರಿನ ಬದಲು ಹೊಸ ನೀರು ಸೇರುವುದೂ ಅಲ್ಲಿಯೇ. ಚಾರ್ಲ್ಸ್ ಹುಡ್ 1837ರಲ್ಲಿ ಪ್ರಕಟಿಸಿದ, ಬಿಸಿನೀರಿನಿಂದ ಕಟ್ಟಡಗಳನ್ನು ಕಾಯಿಸುವ ಕುರಿತ ಗ್ರಂಥ ಕೊಳವೆಯ ಉದ್ದ, ಬಾಯ್ಲರಿನ ಗಾತ್ರ, ಕೋಣೆಯ ಶಾಖನಷ್ಟ ಇವುಗಳ ಲೆಕ್ಕಕ್ಕೆ ಶಿಸ್ತು ತಂದು ಅರ್ಧ ಶತಮಾನ ಕಾಲ ಈ ವೃತ್ತಿಯ ಆಧಾರವಾಯಿತು.

ಹುಡ್‌ನಂಥವರ ವಿರೋಧವನ್ನು ಎದುರಿಸಿದವನು ಆಂಜಿಯರ್ ಮಾರ್ಚ್ ಪರ್ಕಿನ್ಸ್. ಅಮೆರಿಕದಿಂದ ಬಂದ ಎಂಜಿನಿಯರ್ ಜೇಕಬ್ ಪರ್ಕಿನ್ಸ್‌ನ ಮಗನಾದ ಈತ 1831ರಲ್ಲಿ ಪಡೆದ ಪೇಟೆಂಟಿನ ವ್ಯವಸ್ಥೆಯಲ್ಲಿ ತೆರೆದ ತೊಟ್ಟಿಯೇ ಇರಲಿಲ್ಲ. ಸುಮಾರು ಒಂದು ಅಂಗುಲ ಹೊರವ್ಯಾಸದ, ದಪ್ಪ ಗೋಡೆಯ ಮೆದುಕಬ್ಬಿಣದ ಕೊಳವೆಯ ಒಂದು ಭಾಗವನ್ನು ಸುರುಳಿಯಾಗಿ ಒಲೆಯೊಳಗೇ ಇಟ್ಟು, ಉಳಿದುದನ್ನು ಕೋಣೆಗಳಲ್ಲಿ ಸುತ್ತಿಸಿ, ನೀರು ತುಂಬಿದ ಮೇಲೆ ಇಡೀ ಸುತ್ತನ್ನು ತಿರುಪಿನಿಂದ ಮುಚ್ಚಲಾಗುತ್ತಿತ್ತು. ಹಿಗ್ಗುವ ನೀರು ಮೇಲ್ತುದಿಯಲ್ಲಿ ಗಾಳಿ ತುಂಬಿದ ಅಗಲವಾದ ಕೊಳವೆಯೊಂದಕ್ಕೆ ನುಗ್ಗಿ ಆ ಗಾಳಿಯನ್ನು ಒತ್ತುತ್ತಿತ್ತು. ಒತ್ತಡದಲ್ಲಿ ಸಿಲುಕಿದ ನೀರು 100 ಡಿಗ್ರಿಯಲ್ಲಿ ಕುದಿಯದಿರುವುದರಿಂದ ಅದಕ್ಕಿಂತ ಬಹಳ ಹೆಚ್ಚಿನ ಶಾಖದಲ್ಲಿ ಹರಿಯಬಲ್ಲದಾಗಿತ್ತು. ಇಂಥ ಒತ್ತಡಕ್ಕೆ ಸೆಣಬು, ಗಾರೆಗಳು ತಾಳುವುದಿಲ್ಲವೆಂದು ಅರಿತಿದ್ದ ಪರ್ಕಿನ್ಸ್, ಒಂದು ಕೊಳವೆಯ ತುದಿಯನ್ನು ಚೂಪಾದ ಅಂಚಾಗಿ ಕೆತ್ತಿ ಇನ್ನೊಂದರ ಚಪ್ಪಟೆ ತುದಿಗೆ ಒತ್ತುವಂತೆ, ಎಡ ಮತ್ತು ಬಲ ಎರಡೂ ದಿಕ್ಕಿನ ತಿರುಪುಗಳಿರುವ ಕೂಡುಬಳೆಯಿಂದ ಬಿಗಿದನು. ಲೋಹ ಲೋಹವನ್ನೇ ಕಚ್ಚಿ ನೀರನ್ನು ತಡೆಯುತ್ತಿತ್ತು. ಲಂಡನ್ನಿನ ವಾಸ್ತುಶಿಲ್ಪಿ ಜಾನ್ ಸೋನ್ ಹಲವು ಬಗೆಯ ಕಾಯಿಸುವ ವಿಧಾನಗಳನ್ನು ತನ್ನ ಮನೆಯಲ್ಲಿ ಪರೀಕ್ಷಿಸಿ ಬೇಸತ್ತ ಮೇಲೆ 1832ರಲ್ಲಿ ಪರ್ಕಿನ್ಸ್ ವ್ಯವಸ್ಥೆಯನ್ನು ಹಾಕಿಸಿದನು. ಅವನ ಶಿಷ್ಯ ಚಾರ್ಲ್ಸ್ ಜೇಮ್ಸ್ ರಿಚರ್ಡ್‌ಸನ್ 1837ರಲ್ಲಿ ಅದರ ಪರವಾಗಿ ಪುಸ್ತಕವನ್ನೇ ಬರೆದನು. ಇಷ್ಟು ಕಾದ ಕೊಳವೆ ಹತ್ತಿರದ ಮರಮುಟ್ಟನ್ನು ಕರಕಲಾಗಿಸಬಹುದೆಂಬ ಶಂಕೆ ಮ್ಯಾಂಚೆಸ್ಟರಿನ ವಿಮಾ ವ್ಯವಹಾರಸ್ಥರಲ್ಲಿ ಮೂಡಿ, ಅವರು ಮಾಡಿಸಿದ ಪರೀಕ್ಷೆಗಳು ಪರ್ಕಿನ್ಸ್‌ನ ಹೆಸರಿಗೆ ಸಾಕಷ್ಟು ಮಸಿ ಬಳಿದವು. ಬೆಂಕಿಯ ಆ ವಾದದ ಗದ್ದಲದಲ್ಲಿ ಮರೆಯಾದ ಸಂಗತಿ ಬೇರೆಯದು: ಪೂರ್ತಿ ಮುಚ್ಚಿದ ಸುತ್ತಿನಲ್ಲಿ ಒಂದೇ ನೀರನ್ನು ಉಳಿಸಿಕೊಳ್ಳುವ ಪರ್ಕಿನ್ಸ್‌ನ ಕ್ರಮವು ತುಕ್ಕಿನ ದೃಷ್ಟಿಯಿಂದ ತನ್ನ ಕಾಲಕ್ಕಿಂತ ಒಂದು ಶತಮಾನ ಮುಂದಿತ್ತು.

ಇಂಗ್ಲಿಷರ ಮನೆಗಳಲ್ಲಿ ಮಾತ್ರ ತೆರೆದ ಅಗ್ಗಿಷ್ಟಿಕೆಯ ಮೋಹ ಬಹುಕಾಲ ಉಳಿಯಿತು. ಬಿಸಿನೀರಿನ ಕೊಳವೆ ಅಲ್ಲಿ ಗಿಡಮನೆ, ಚರ್ಚು, ಶಾಲೆ, ಆಸ್ಪತ್ರೆಗಳ ವಸ್ತುವಾಗಿಯೇ ಇತ್ತು. ವಾಸದ ಕೋಣೆಗೆ ತಕ್ಕ ರೇಡಿಯೇಟರ್ ರೂಪುಗೊಂಡದ್ದು ಬೇರೆಡೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ರಾಂಜ್ ಸಾನ್ ಗಲ್ಲಿ 1850ರ ದಶಕದಲ್ಲಿ ಒಂದನ್ನು ಮಾಡಿದನು, ಅಮೆರಿಕದಲ್ಲಿ ನೆಲ್ಸನ್ ಬಂಡಿ 1870ರ ದಶಕದಲ್ಲಿ ಬೀಡಿನ ಕಂಬಗಳ ಸಾಲಿನಂಥ ರೇಡಿಯೇಟರನ್ನು ಜನಪ್ರಿಯಗೊಳಿಸಿದನು, 1890ರ ದಶಕದ ಆರಂಭದಲ್ಲಿ ಹಲವು ಕಾರ್ಖಾನೆಗಳು ಕೂಡಿ ಅಮೆರಿಕನ್ ರೇಡಿಯೇಟರ್ ಕಂಪನಿಯಾದವು. ಕೂಡುಗಳಲ್ಲಿ ಕಬ್ಬಿಣದ ಗಾರೆಯ ಬದಲು ತಿರುಪು ಕೊರೆದ ಕೊಳವೆ, ಅದರ ಹಲ್ಲುಗಳಿಗೆ ಸುತ್ತಿದ ಸೆಣಬಿನ ನಾರು, ಅದರ ಮೇಲೆ ಅಗಸೆಯೆಣ್ಣೆಯಲ್ಲಿ ಕಲಸಿದ ಸೀಸದ ಸಿಂಧೂರ ಬಂದವು. ನಮ್ಮ ಊರುಗಳ ಕೊಳಾಯಿ ಕೆಲಸಗಾರರು ಕಬ್ಬಿಣದ ಕೊಳಾಯಿಗೆ ದಾರ ಸುತ್ತಿ ಸಫೇದ ಬಳಿಯುತ್ತಿದ್ದುದು ಇದೇ ಪದ್ಧತಿಯ ಮುಂದುವರಿಕೆ.

ತುಕ್ಕು ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಳವೆಗಳನ್ನು ಹಾಕುತ್ತಿದ್ದವರಿಂದ ಬರಲಿಲ್ಲ, ಹಡಗುಗಳಿಂದ ಆರಂಭವಾಯಿತು. ಹಂಫ್ರಿ ಡೇವಿ 1824ರಲ್ಲಿ, ಹಡಗಿನ ತಳಕ್ಕೆ ಹೊದಿಸಿದ ತಾಮ್ರ ಸಮುದ್ರದಲ್ಲಿ ಕರಗದಂತೆ ತಡೆಯಲು ಅದಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ತಾಗಿಸಿದರೆ ಸಾಕೆಂದು ತೋರಿಸಿದನು. ಎರಡು ಲೋಹಗಳು ನೀರಿನಲ್ಲಿ ಕೂಡಿದಾಗ ಒಂದು ಕರಗಿ ಇನ್ನೊಂದನ್ನು ಕಾಪಾಡುತ್ತದೆ, ಏಕೆಂದರೆ ಅವುಗಳ ನಡುವೆ ವಿದ್ಯುತ್ತು ಹರಿಯುತ್ತದೆ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕ್ರಮಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದನು. ರಾಬರ್ಟ್ ಮ್ಯಾಲೆಟ್ ಅದೇ ಕಾಲದಲ್ಲಿ ನದಿ ಮತ್ತು ಸಮುದ್ರದ ನೀರಿನಲ್ಲಿ ಕಬ್ಬಿಣ ಸವೆಯುವ ಬಗೆಯನ್ನು ಕುರಿತು ವರದಿಗಳನ್ನು ಬರೆದನು. ಆದರೂ ಶತಮಾನದ ಕೊನೆಯವರೆಗೆ ಬಹುಮಂದಿ ರಸಾಯನಜ್ಞರು ನೀರಿನಲ್ಲಿ ಕರಗಿದ ಇಂಗಾಲಾಮ್ಲವೇ ತುಕ್ಕಿಗೆ ಮೂಲವೆಂದು ನಂಬಿದ್ದರು. 1903ರಲ್ಲಿ ಅಮೆರಿಕದ ವಿಲ್ಲಿಸ್ ವಿಟ್ನಿ, ಕಬ್ಬಿಣ ನೀರಿನಲ್ಲಿ ಕರಗುವುದೇ ಮೂಲತಃ ವಿದ್ಯುತ್ ಕ್ರಿಯೆಯೆಂದು ವಾದಿಸಿದ ಬಳಿಕ ಚರ್ಚೆ ತಿರುವು ಪಡೆದು, ಆ ಕ್ರಿಯೆ ನಿಲ್ಲದೆ ಮುಂದುವರಿಯಲು ಆಮ್ಲಜನಕ ಬೇಕೆಂಬುದು ಸ್ಪಷ್ಟವಾಯಿತು. ಪಿಟ್ಸ್‌ಬರ್ಗ್‌ನ ಕೊಳವೆ ಕಾರ್ಖಾನೆಯ ಫ್ರ್ಯಾಂಕ್ ಸ್ಪೆಲ್ಲರ್ ಇದನ್ನು ಕಟ್ಟಡಗಳಿಗೆ ಅನ್ವಯಿಸಿದನು. ಮೀಯುವ ಬಿಸಿನೀರು ಹರಿಯುವ ಕೊಳವೆಗಳು ಕೆಲವೇ ವರ್ಷಗಳಲ್ಲಿ ತೂತಾಗುವಾಗ, ಅದೇ ಕಟ್ಟಡದ ಕಾಯಿಸುವ ಸುತ್ತಿನ ಕೊಳವೆಗಳು ದಶಕಗಟ್ಟಲೆ ಉಳಿಯುವುದೇಕೆ ಎಂಬ ಗೂಢಕ್ಕೆ ಉತ್ತರ ನೀರಿನ ಹೊಸತನದಲ್ಲಿತ್ತು: ಒಂದರಲ್ಲಿ ಪ್ರತಿದಿನವೂ ಆಮ್ಲಜನಕ ತುಂಬಿದ ಹೊಸ ನೀರು, ಇನ್ನೊಂದರಲ್ಲಿ ತನ್ನ ಆಮ್ಲಜನಕವನ್ನೆಲ್ಲ ಕಳೆದುಕೊಂಡ ಹಳೆಯ ನೀರು. ಸ್ಪೆಲ್ಲರನ ಗ್ರಂಥ 1926ರಲ್ಲಿ ಹೊರಬಂತು.

ಇದರ ಲೆಕ್ಕ ಯಾರೂ ಹಾಕಿನೋಡಬಹುದಾದಷ್ಟು ಸುಲಭ. 10 ಡಿಗ್ರಿಯ ತಣ್ಣೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ಮನೆಯೊಂದರ ಸುತ್ತಿನಲ್ಲಿ 100 ಲೀಟರ್ ನೀರು ಹಿಡಿಯುವುದಾದರೆ ಒಟ್ಟು ಆಮ್ಲಜನಕ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು; ಅದೆಲ್ಲವೂ ಕಬ್ಬಿಣವನ್ನು ಕೆಂಪು ತುಕ್ಕಾಗಿಸಲು ವೆಚ್ಚವಾದರೂ ಕರಗುವ ಲೋಹ ಮೂರು ಗ್ರಾಮನ್ನು ಮುಟ್ಟುವುದಿಲ್ಲ. ನೂರಾರು ಕಿಲೋ ತೂಗುವ ರೇಡಿಯೇಟರುಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಎಲ್ಲೋ ಕಾಣದ ಕೂಡಿನಿಂದ ದಿನಕ್ಕೆ 10 ಲೀಟರ್ ಸೋರಿ ಅಷ್ಟೇ ಹೊಸ ನೀರು ಒಳಬಂದರೆ, ವರ್ಷಕ್ಕೆ ಸುಮಾರು 95 ಗ್ರಾಂ ಕಬ್ಬಿಣ ತುಕ್ಕಾಗುತ್ತದೆ, ಅದೂ ಎಲ್ಲೆಡೆ ಸಮನಾಗಿ ಅಲ್ಲ. ಕೇಂಬ್ರಿಜ್‌ನ ಯೂಲಿಕ್ ಎವನ್ಸ್ 1920ರ ದಶಕದಲ್ಲಿ ತೋರಿಸಿದಂತೆ, ಆಮ್ಲಜನಕ ಚೆನ್ನಾಗಿ ತಾಗುವ ಭಾಗಕ್ಕಿಂತ ಅದು ತಾಗದ ಮೂಲೆಯ ಕಬ್ಬಿಣವೇ ಹೆಚ್ಚು ಕರಗುತ್ತದೆ. ಗಸಿಯ ಅಡಿಯಲ್ಲಿ ಅಡಗಿದ ಚಿಕ್ಕ ಜಾಗವೊಂದು ಸೂಜಿಯ ತೂತಾಗುವವರೆಗೆ ಒಳಗೊಳಗೇ ಕೊರೆಯುತ್ತದೆ. ಕೊಳಕಾದ ನೀರನ್ನು ಪ್ರತಿ ಬೇಸಿಗೆಯಲ್ಲೂ ಬಸಿದು ಹೊಸ ನೀರು ತುಂಬುವುದು ಶುಚಿತ್ವದ ಲಕ್ಷಣವೆಂದು ತೋರಿದರೂ, ವಾಸ್ತವದಲ್ಲಿ ಅದು ಕಾಯಿಲೆಗೆ ಹೊಸದಾಗಿ ಮೇವು ಹಾಕುವ ಕೆಲಸ.

ನೀರಿನ ಬಣ್ಣವೂ ಇಲ್ಲಿ ಸಾಕ್ಷಿ ಹೇಳುತ್ತದೆ. ಆಮ್ಲಜನಕ ಧಾರಾಳವಾಗಿದ್ದರೆ ಕೆಂಪು ಅಥವಾ ಕಂದು ತುಕ್ಕು ಉಂಟಾಗುತ್ತದೆ. ಅದು ಕೊರತೆಯಾದಾಗ ಮ್ಯಾಗ್ನೆಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಆಕ್ಸೈಡು ಉಂಟಾಗಿ ಮಸಿಯಂಥ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಮುಚ್ಚಿದ ಸುತ್ತಿನಿಂದ ಕೆಂಪು ನೀರು ಬಂದರೆ ಎಲ್ಲಿಂದಲೋ ಗಾಳಿಯೋ ಹೊಸ ನೀರೋ ಸೇರುತ್ತಿದೆ ಎಂದು ಅರ್ಥ. ಕಪ್ಪು ನೀರು ಹಳೆಯ ಹಾನಿಯ ಕುರುಹು. ಕಬ್ಬಿಣದ ಹೈಡ್ರಾಕ್ಸೈಡು ಆಮ್ಲಜನಕವಿಲ್ಲದೆ ಮ್ಯಾಗ್ನೆಟೈಟ್ ಆಗುವಾಗ ಜಲಜನಕ ಅನಿಲ ಬಿಡುಗಡೆಯಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಶಿಕೋರ್‌ನ ಹೆಸರಿನ ಈ ಕ್ರಿಯೆಯೇ ರೇಡಿಯೇಟರಿನ ಮೇಲ್ಭಾಗ ತಣ್ಣಗುಳಿಯುವುದಕ್ಕೆ ಒಂದು ಕಾರಣ. ಮನೆಯವರು ಮೇಲೆ ಸೇರಿಕೊಂಡ ಆ ಅನಿಲವನ್ನು ಬರಿಯ ಗಾಳಿಯೆಂದು ಭಾವಿಸಿ ಚಿಕ್ಕ ಕೀಲಿಯಿಂದ ತಿರುಪು ಸಡಿಲಿಸಿ ಬಿಡುವುದು ವಾಡಿಕೆ. ಕೆಲವು ಕೆಲಸಗಾರರು ಆ ಅನಿಲಕ್ಕೆ ಬೆಂಕಿಕಡ್ಡಿ ಹಿಡಿದು, ಹೊತ್ತಿಕೊಂಡರೆ ಒಳಗೆ ಲೋಹ ಸವೆಯುತ್ತಿದೆ ಎಂದು ನಿರ್ಣಯಿಸುತ್ತಿದ್ದುದುಂಟು. ಪರೀಕ್ಷೆ ಸರಿಯಾದುದೇ, ಅನುಕರಣೀಯವಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ತುಕ್ಕಿನ ಕಾಟ ಹಿಂದೆಂದಿಗಿಂತ ಹೆಚ್ಚಾದುದು ವಿಚಿತ್ರವಾಗಿ ಕಂಡೀತು, ಆದರೆ ಅದಕ್ಕೆ ಕಾರಣ ಅಗ್ಗವಾದ ಹೊಸ ವಿನ್ಯಾಸ. 1950ರ ದಶಕದಲ್ಲಿ ಕಲ್ಲಿದ್ದಲು ಬಳಕೆಯ ಸಂಶೋಧನಾ ಸಂಘವು ರೂಪಿಸಿದ ಕಿರುಕೊಳವೆ ಪದ್ಧತಿಯಲ್ಲಿ ವಿದ್ಯುತ್ ಪಂಪು ನೀರನ್ನು ತಳ್ಳುವುದರಿಂದ ಅರ್ಧ ಅಂಗುಲದ ತಾಮ್ರದ ಕೊಳವೆಯೇ ಸಾಕಾಯಿತು. ಬೀಡಿನ ಭಾರೀ ರೇಡಿಯೇಟರಿನ ಬದಲು ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಉಕ್ಕಿನ ಹಾಳೆಯನ್ನು ಒತ್ತಿ ಮಾಡಿದ ಫಲಕಗಳು ಬಂದವು. ಸಾಮಾನ್ಯ ಕುಟುಂಬಗಳಿಗೂ ಬೆಚ್ಚನೆಯ ಮನೆ ನಿಲುಕಿತು. ಹಳೆಯ ಬೀಡು ತುಕ್ಕಿಗೆ ಬಿಟ್ಟುಕೊಡಬಹುದಾಗಿದ್ದ ದಪ್ಪ ಈ ಹಾಳೆಯಲ್ಲಿ ಇರಲಿಲ್ಲ, ತಾಮ್ರ ಮತ್ತು ಉಕ್ಕು ಒಂದೇ ನೀರಿನಲ್ಲಿ ಕೂಡಿದ್ದವು, ಜೊತೆಗೆ ಅಟ್ಟದ ಮೇಲಿನ ತೆರೆದ ತೊಟ್ಟಿ ಹಾಗೆಯೇ ಉಳಿದಿತ್ತು. ಪಂಪನ್ನು ತಪ್ಪು ಜಾಗದಲ್ಲಿ ಕೂರಿಸಿದರೆ ಅದು ನೀರನ್ನು ತೆರೆದ ಕೊಳವೆಯ ಮೂಲಕ ತೊಟ್ಟಿಗೆ ಸುರಿದು, ಅಲ್ಲಿ ಗಾಳಿ ಬೆರೆತ ನೀರನ್ನು ಮತ್ತೆ ಕೆಳಗೆ ಸೆಳೆಯುತ್ತಿತ್ತು. ಇಂಥ ಮನೆಗಳಲ್ಲಿ ರೇಡಿಯೇಟರುಗಳು ಕೆಲವೇ ವರ್ಷಗಳಲ್ಲಿ ತೂತಾದವು. ಆಗ ಬಂದ ಮದ್ದು ತುಕ್ಕುನಿರೋಧಕ: ಸೋಡಿಯಂ ನೈಟ್ರೈಟ್, ಬೆಂಜೋಯೇಟ್, ಮುಂದೆ ಮಾಲಿಬ್ಡೇಟ್‌ಗಳಂಥ ಲವಣಗಳು ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಾಪದರವನ್ನು ಕಟ್ಟುತ್ತವೆ. ಸೋರುವ ಸುತ್ತಿನಲ್ಲಿ ಅವು ನೀರಿನೊಂದಿಗೇ ಹರಿದುಹೋಗುವುದರಿಂದ, ಸೋರಿಕೆ ನಿಲ್ಲಿಸದೆ ಮದ್ದು ಹಾಕುವುದು ವ್ಯರ್ಥ.

ಇದೇ ದಶಕಗಳಲ್ಲಿ ವೈದ್ಯರಾಗಿ, ಎಂಜಿನಿಯರುಗಳಾಗಿ ಬ್ರಿಟನ್ನಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ರೇಡಿಯೇಟರಿನ ಕೀಲಿ ಹೊಸ ಗೃಹಕೃತ್ಯವಾಗಿರಬೇಕು. ಅವರು ಬಿಟ್ಟುಬಂದ ಬಚ್ಚಲುಮನೆಯ ತಾಮ್ರದ ಹಂಡೆ ಬಾಯಿ ತೆರೆದೇ ಇದ್ದರೂ ನೀರನ್ನು ಕೆಂಪಾಗಿಸುತ್ತಿರಲಿಲ್ಲ. ಹಂಡೆಯ ಜಾಗಕ್ಕೆ ಉಕ್ಕಿನ ತೊಟ್ಟಿಯ ಗೀಸರು ಬಂದ ಮೇಲೆ ಮಾತ್ರ ಕರ್ನಾಟಕದ ಮನೆಗಳೂ ಈ ಇತಿಹಾಸದ ಪಾಲುದಾರರಾದವು. ಗೀಸರಿನೊಳಗೆ ಇಳಿಬಿಟ್ಟಿರುವ ಮೆಗ್ನೀಸಿಯಂ ಸರಳು ತಾನು ಕರಗಿ ತೊಟ್ಟಿಯ ಉಕ್ಕನ್ನು ಕಾಪಾಡುತ್ತದೆ. ಅದು ಡೇವಿ ಹಡಗಿನ ತಳಕ್ಕೆ ತಾಗಿಸಿದ ಸತುವಿನ ತುಂಡಿನದೇ ಕೆಲಸ. ಸರಳು ಪೂರ್ತಿ ಸವೆದ ಮೇಲೂ ಬದಲಿಸದಿದ್ದರೆ ಮುಂದಿನ ಸರದಿ ತೊಟ್ಟಿಯದು.

ಅಟ್ಟದ ತೊಟ್ಟಿ ಬ್ರಿಟನ್ನಿನ ಮನೆಗಳಿಂದ ಕಣ್ಮರೆಯಾಗತೊಡಗಿದ್ದು 1980ರ ದಶಕದ ನಂತರ. ಅದರ ಬದಲು ಬಂದ ಮುಚ್ಚಿದ ಉಕ್ಕಿನ ಡಬ್ಬಿಯೊಳಗೆ ರಬ್ಬರಿನ ಪರದೆಯೊಂದು ನೀರನ್ನೂ ಅನಿಲವನ್ನೂ ಬೇರ್ಪಡಿಸುತ್ತದೆ. ನೀರು ಹಿಗ್ಗಿದಾಗ ಪರದೆ ಬಾಗುತ್ತದೆ, ಗಾಳಿ ಮಾತ್ರ ನೀರನ್ನು ಮುಟ್ಟುವುದಿಲ್ಲ. ಪರ್ಕಿನ್ಸ್‌ನ ಮುಚ್ಚಿದ ಸುತ್ತು ಕಡಿಮೆ ಒತ್ತಡದಲ್ಲಿ, ಸುರಕ್ಷಿತವಾಗಿ ಮರಳಿದಂತಾಯಿತು. ಈ ವ್ಯವಸ್ಥೆಯಲ್ಲಿ ಒತ್ತಡದ ಮಾಪಕವೇ ಸೋರಿಕೆಯ ಮೊದಲ ಸೂಚನೆ ಕೊಡುತ್ತದೆ, ಆದರೆ ಮುಳ್ಳು ಇಳಿದಾಗಲೆಲ್ಲ ನಲ್ಲಿ ತಿರುಗಿಸಿ ನೀರು ತುಂಬುವ ಮನೆಯವರ ಅಭ್ಯಾಸ ಹಳೆಯ ತಪ್ಪನ್ನೇ ಹೊಸ ರೂಪದಲ್ಲಿ ಮುಂದುವರಿಸಿತು. ಮನೆಗಳ ಸುತ್ತಿನ ನೀರನ್ನು ಶುಚಿಗೊಳಿಸಿ ಮದ್ದು ಬೆರೆಸುವ ಕ್ರಮವನ್ನು ಹೇಳುವ ಬ್ರಿಟಿಷ್ ಮಾನದಂಡ 7593 ಮೊದಲು 1992ರಲ್ಲಿ ಪ್ರಕಟವಾಯಿತು. 2005ರಿಂದ ಇಂಗ್ಲೆಂಡಿನಲ್ಲಿ ಹೊಸ ಅನಿಲ ಬಾಯ್ಲರುಗಳು, ಹೊಗೆಯಲ್ಲಿನ ಆವಿಯನ್ನೂ ತಣಿಸಿ ಅದರ ಶಾಖವನ್ನು ಹಿಡಿಯುವ ಬಗೆಯವಾಗಿರಬೇಕೆಂಬ ನಿಯಮ ಬಂದಾಗ ಗಸಿಯ ಸಮಸ್ಯೆ ಇನ್ನಷ್ಟು ಬಿಗಡಾಯಿಸಿತು, ಏಕೆಂದರೆ ಅವುಗಳ ನೀರಿನ ದಾರಿಗಳು ಬಹಳ ಇಕ್ಕಟ್ಟು. ವಿದ್ಯುತ್ ಉಳಿಸುವ ಹೊಸ ಪಂಪುಗಳ ಒಳಗೆ ಶಾಶ್ವತ ಅಯಸ್ಕಾಂತವಿರುವುದರಿಂದ ಮ್ಯಾಗ್ನೆಟೈಟ್ ನೇರವಾಗಿ ಅದಕ್ಕೇ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮೊದಲೇ ಗಸಿಯನ್ನು ಹಿಡಿದಿಡುವ ಅಯಸ್ಕಾಂತದ ಶೋಧಕವನ್ನು ಕೊಳವೆಯಲ್ಲಿ ಕೂರಿಸುವ ಪದ್ಧತಿ ಹಬ್ಬಿ, ಮಾನದಂಡದ 2019ರ ಪರಿಷ್ಕರಣೆಯಲ್ಲಿ ಸ್ಥಾನ ಪಡೆಯಿತು.

ಜರ್ಮನಿಯಲ್ಲಿ ಈ ಸಮಸ್ಯೆ ಇನ್ನೊಂದು ಬಾಗಿಲಿನಿಂದ ಬಂತು. 1970ರ ದಶಕದಲ್ಲಿ ಅಲ್ಲಿ ನೆಲದೊಳಗೆ ಹುದುಗಿಸಿ ಕೋಣೆಯನ್ನು ಕೆಳಗಿನಿಂದ ಕಾಯಿಸುವ ಪ್ಲಾಸ್ಟಿಕ್ ಕೊಳವೆಗಳು ಜನಪ್ರಿಯವಾದವು. ತುಕ್ಕು ಹಿಡಿಯದ, ನೂರಾರು ಅಡಿ ಉದ್ದಕ್ಕೆ ಒಂದು ಕೂಡೂ ಇಲ್ಲದ ಈ ಕೊಳವೆ ಎರಡೂ ದೂರುಗಳಿಗೆ ಕೊನೆ ಹಾಡಿತೆಂದೇ ತೋರಿತು. ಆದರೆ ಕೆಲವು ವರ್ಷಗಳಲ್ಲಿ ಅಂಥ ಮನೆಗಳ ಉಕ್ಕಿನ ಭಾಗಗಳು ಸವೆಯತೊಡಗಿ ನೀರು ಕೆಂಪಾಯಿತು, ಹೊರಗೆ ಒಂದು ಹನಿಯೂ ಸೋರದೆ. ನೀರಿನ ಅಣುವನ್ನು ತಡೆಯುವ ಪ್ಲಾಸ್ಟಿಕ್ ಗಾಳಿಯ ಆಮ್ಲಜನಕವನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಕೊಳವೆ ಬಿಸಿಯಾದಷ್ಟೂ ಆಮ್ಲಜನಕ ಹೊರಗಿನಿಂದ ಅದರ ಗೋಡೆಯ ಮೂಲಕವೇ ಹೆಚ್ಚು ಹೆಚ್ಚಾಗಿ ಒಳಕ್ಕೆ ಇಳಿಯುತ್ತದೆ. ಒಳಗೆ ಆಮ್ಲಜನಕ ತುಕ್ಕಿಗೆ ವೆಚ್ಚವಾಗುತ್ತಲೇ ಇರುವುದರಿಂದ ಈ ಇಳಿತಕ್ಕೆ ಕೊನೆಯೂ ಇರುವುದಿಲ್ಲ. ಇದಕ್ಕೆ ಉತ್ತರವಾಗಿ ಕೊಳವೆಯ ಗೋಡೆಗೆ ಆಮ್ಲಜನಕ ದಾಟದ ತೆಳುವಾದ ಪದರವನ್ನು ಸೇರಿಸಲಾಯಿತು; 40 ಡಿಗ್ರಿ ಶಾಖದಲ್ಲಿ ಒಂದು ಘನ ಮೀಟರ್ ನೀರಿಗೆ ದಿನಕ್ಕೆ 0.1 ಗ್ರಾಮಿಗಿಂತ ಹೆಚ್ಚು ಆಮ್ಲಜನಕ ಒಳಬರಬಾರದೆಂದು ಜರ್ಮನ್ ಮಾನದಂಡ 4726 ವಿಧಿಸಿತು. ಪದರವಿಲ್ಲದ ಹಳೆಯ ಕೊಳವೆಗಳು ನೆಲದ ಕಾಂಕ್ರೀಟಿನಲ್ಲಿ ಹುದುಗಿರುವುದರಿಂದ ಅವುಗಳನ್ನು ಕಿತ್ತು ಬದಲಿಸುವುದು ದುಬಾರಿ. ಅಂಥ ಮನೆಗಳಲ್ಲಿ ಸುತ್ತನ್ನೇ ಎರಡಾಗಿ ಸೀಳಿ, ನಡುವೆ ಶಾಖವನ್ನಷ್ಟೇ ದಾಟಿಸುವ ತೆಳು ತಗಡುಗಳ ವಿನಿಮಯಕವೊಂದನ್ನು ಕೂರಿಸಿ, ಪ್ಲಾಸ್ಟಿಕ್ಕಿನ ನೀರು ಉಕ್ಕಿನ ಬಾಯ್ಲರನ್ನು ಮುಟ್ಟದಂತೆ ಮಾಡಲಾಗುತ್ತಿದೆ.